ಪಾಸ್ ಅಂದವರು

ಶನಿವಾರ ರಾತ್ರಿ ಊಟ ಮುಗಿದ ಮೇಲೆ ಹಾಸ್ಟೆಲ್ ಮೆಸ್ಸಿನ ಮೂಲೆಯ ಮೇಜು ಒರೆಸಿ ನಾವು ನಾಲ್ವರು ಆಡಲು ಕೂರುತ್ತೇವೆ. ಒಂದೇ ವಿಭಾಗದಲ್ಲಿ ಸಂಶೋಧನೆ ಮಾಡುವವರು. ಆಡುವುದು ಇಸ್ಪೀಟಲ್ಲ, ‘ಮ್ಯಾಜಿಕ್: ದಿ ಗ್ಯಾದರಿಂಗ್’. ರಿಚರ್ಡ್ ಗಾರ್ಫೀಲ್ಡ್ ಗಣಿತದಲ್ಲಿ ಪಿಎಚ್‌ಡಿ ಮಾಡುತ್ತಲೇ ರೂಪಿಸಿದ ಈ ಆಟ 1993ರಲ್ಲಿ ಮಾರುಕಟ್ಟೆಗೆ ಬಂತು. ನಮ್ಮ ಪ್ರಬಂಧದ ಅಧ್ಯಾಯಗಳು ಅಲ್ಲೇ ನಿಂತಿರುವಾಗ ಆಡುತ್ತ ಕೂರಲು ಇದೊಂದು ಒಳ್ಳೆಯ ನೆಪ.

ಇಸ್ಪೀಟಿನಲ್ಲಿ ಎಲ್ಲರಿಗೂ ಒಂದೇ ಕಟ್ಟಿನಿಂದ ಎಲೆ ಬರುತ್ತದೆ. ಇಲ್ಲಿ ಅವರವರ ಡೆಕ್ಕನ್ನು ಅವರವರೇ ಕಟ್ಟಿಕೊಂಡು ಬರಬೇಕು. ನಾವಾಡುವ ‘ಕಮಾಂಡರ್’ ಪ್ರಕಾರದಲ್ಲಿ ನಾಯಕನೂ ಸೇರಿ ಸರಿಯಾಗಿ 100 ಕಾರ್ಡು. ಸಾಮಾನ್ಯ ನೆಲದ ಕಾರ್ಡುಗಳನ್ನು ಬಿಟ್ಟರೆ ಯಾವುದೂ ಎರಡು ಸಲ ಇರುವಂತಿಲ್ಲ. ತಲಾ 40 ಜೀವ. ಅಸಲಿ ಕಾರ್ಡುಗಳ ಬೆಲೆ ನಮ್ಮ ಕೈಗೆಟುಕದ್ದು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಕತ್ತರಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡಿದ್ದೇವೆ.

ಗೆಲ್ಲಲೆಂದೇ ಬಿಗಿಯಾಗಿ ಕಟ್ಟಿದ ಡೆಕ್ಕುಗಳಲ್ಲಿ ಒಂದು ಹೆಸರಾಂತ ಜೋಡಿಯಿದೆ. ‘ಥಾಸಾಸ್ ಆರಕಲ್’ ಮೇಜಿಗಿಳಿದು ಅದರ ಪರಿಣಾಮ ಜಾರಿಯಾಗುವ ಹೊತ್ತಿಗೆ ನಿಮ್ಮ ಕಟ್ಟು ಖಾಲಿಯಾಗಿದ್ದರೆ ನೀವು ಗೆದ್ದಂತೆ. ಕಟ್ಟು ಖಾಲಿ ಮಾಡಲು ‘ಡೆಮಾನಿಕ್ ಕನ್ಸಲ್ಟೇಶನ್’ ಇದೆ. ಡೆಕ್ಕಿನಲ್ಲಿ ಇಲ್ಲದ ಕಾರ್ಡಿನ ಹೆಸರು ಹೇಳಿದರೆ ಸಾಕು, ಅದನ್ನು ಹುಡುಕುತ್ತ ಇಡೀ ಕಟ್ಟೇ ಮುಗಿದುಹೋಗುತ್ತದೆ. ಎರಡೂ ಸೇರಿ ಖರ್ಚು ಬರೀ 3 ಮಾನಾ.

ಒಂದು ಶನಿವಾರ ನನ್ನ ಬಲಕ್ಕಿದ್ದ ಗೆಳೆಯ ಈ ಎರಡನ್ನೂ ಆಡಿದ. ತಡೆಯುವುದಾದರೆ ಸರದಿ ಪ್ರಕಾರ ಮೊದಲು ನಾನು, ಆಮೇಲೆ ಇನ್ನೊಬ್ಬ, ಕೊನೆಗೆ ಜೂನಿಯರ್ ಹುಡುಗ. ನನ್ನ ಕೈಯಲ್ಲಿ ‘ಫೋರ್ಸ್ ಆಫ್ ವಿಲ್’ ಇತ್ತು. ಮಾನಾ ಇಲ್ಲದಿದ್ದರೂ 1 ಜೀವ ಮತ್ತು ಇನ್ನೊಂದು ನೀಲಿ ಕಾರ್ಡು ತೆತ್ತು ಅದನ್ನು ಆಡಬಹುದು. ಅಂದರೆ ತಡೆದರೆ ನನಗೆ ಎರಡು ಕಾರ್ಡು ನಷ್ಟ, ಪಕ್ಕದ ಇಬ್ಬರಿಗೆ ಏನೂ ನಷ್ಟವಿಲ್ಲ. ಇಬ್ಬರೇ ಆಡುವಾಗ ಈ ಲೆಕ್ಕ ಹುಟ್ಟುವುದೇ ಇಲ್ಲ; ನಾಲ್ವರಿದ್ದಾಗ ಹುಟ್ಟುತ್ತದೆ. ಅವರೇ ಖರ್ಚು ಮಾಡಲಿ ಅಂದುಕೊಂಡು ‘ಪಾಸ್’ ಅಂದೆ. ಪಕ್ಕದವನೂ ಪಾಸ್ ಅಂದ. ಹುಡುಗ ತನ್ನ ಕಾರ್ಡುಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟ. ತಡೆಯುವಂಥದ್ದು ಒಂದೂ ಇರಲಿಲ್ಲ. ಆಟ ಮುಗಿಯಿತು. ನೋಡಿದರೆ ಪಕ್ಕದವನ ಹತ್ತಿರವೂ ಒಂದು ತಡೆಯಿತ್ತು! ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ಮರುವಾರ ವಿಭಾಗದ ಸಭೆ. ನಾಲ್ಕು ತಿಂಗಳಿಂದ ಯಾರಿಗೂ ಫೆಲೋಶಿಪ್ ಬಂದಿರಲಿಲ್ಲ. ಆ ಹುಡುಗ ಮೆಸ್ ಬಿಲ್ಲಿಗೂ ಸಾಲ ಮಾಡುತ್ತಿದ್ದದ್ದು ನಮಗೆಲ್ಲ ಗೊತ್ತಿತ್ತು. ‘ಏನಾದರೂ ಹೇಳುವುದಿದೆಯೇ?’ ಎಂದು ಮುಖ್ಯಸ್ಥರು ಸಾಲಿನ ಮೊದಲಿಗೆ ಕೂತಿದ್ದ ನನ್ನನ್ನೇ ಮೊದಲು ಕೇಳಿದರು. ಇನ್ನಾರು ತಿಂಗಳಲ್ಲಿ ಪ್ರಬಂಧ ಸಲ್ಲಿಸಬೇಕು, ಎಷ್ಟೋ ಸಹಿ ಬೇಕು. ‘ಏನಿಲ್ಲ ಸರ್’ ಅಂದೆ. ಉಳಿದಿಬ್ಬರೂ ಹಾಗೇ ಅಂದರು. ಕೊನೆಯ ಕುರ್ಚಿಯಿಂದ ಹುಡುಗ ಎದ್ದು ನಿಂತು ವಿಷಯ ಹೇಳಿದ.

‘ಇವರಿಗ್ಯಾರಿಗೂ ಇಲ್ಲದ ತೊಂದರೆ ನಿನಗೊಬ್ಬನಿಗೇನಪ್ಪ?’ ಎಂದರು. ನಾವು ಮೂವರೂ ತಲೆ ಎತ್ತಲಿಲ್ಲ.

ಆ ಶನಿವಾರ ಅವನು ಆಡಲು ಬರಲಿಲ್ಲ. ರೂಮಿಗೆ ಹೋಗಿ ಕರೆದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀವು ಮೊದಲು ಕೂತಿದ್ರಿ ಅಣ್ಣ’ ಅಂದ. ಅಷ್ಟೇ.

ಆಟದಲ್ಲಿ ಇದಕ್ಕೊಂದು ಉಪಾಯವಿದೆ: ಮಾತು. ‘ನನ್ನ ಹತ್ತಿರ ಒಂದಿದೆ, ನಿನ್ನ ಹತ್ತಿರ?’ ಎಂದು ಮೇಜಿನಲ್ಲಿ ಕೇಳಲು, ಒಪ್ಪಂದ ಮಾಡಿಕೊಳ್ಳಲು ನಿಯಮದ ಅಡ್ಡಿಯಿಲ್ಲ. ಸುಳ್ಳು ಹೇಳಲೂ ಅಡ್ಡಿಯಿಲ್ಲ. ಆದರೆ ಪ್ರತಿ ವಾರ ಅದೇ ಮೇಜಿಗೆ ಬರುವವನಿಗೆ ಸುಳ್ಳು ದುಬಾರಿ. ಕೈಯಲ್ಲಿರುವುದನ್ನು ಬಿಟ್ಟುಕೊಡುವುದು ದಡ್ಡತನ ಎಂದು ನಾನು ಅಲ್ಲಿಯವರೆಗೂ ಬಾಯಿಬಿಟ್ಟವನೇ ಅಲ್ಲ. ನನ್ನ ಲೆಕ್ಕ ತಪ್ಪಿರಲಿಲ್ಲ. ಪಕ್ಕದವನೂ ಅದೇ ಲೆಕ್ಕ ಹಾಕಿದ್ದ. ಒಬ್ಬೊಬ್ಬರೇ ಹಾಕಿದ ಸರಿ ಲೆಕ್ಕಗಳೆಲ್ಲ ಸೇರಿ ಕೊನೆಯವನ ತಲೆಯ ಮೇಲೆ ಬಿದ್ದಿದ್ದವು.

ಮುಂದಿನ ಸಭೆಗೆ ಮೊದಲು ನಾಲ್ವರೂ ಕ್ಯಾಂಟೀನಿನಲ್ಲಿ ಚಹಾ ಕುಡಿದು, ಯಾರು ಮೊದಲು ಮಾತಾಡಬೇಕೆಂದು ತೀರ್ಮಾನಿಸಿದೆವು. ಮನವಿಗೆ ನಾಲ್ವರೂ ಸಹಿ ಹಾಕಿದೆವು, ಮೊದಲ ಸಹಿ ನನ್ನದು. ಓದಿ ಹೇಳುವಾಗ ನನ್ನ ಕೈ ನಡುಗುತ್ತಿತ್ತು. ಹಣ ಬರಲು ಆಮೇಲೂ ಒಂದು ತಿಂಗಳು ಹಿಡಿಯಿತು.

ಹುಡುಗ ಮತ್ತೆ ಆಡಲು ಬಂದ. ಆ ರಾತ್ರಿ ಮೊದಲ ಸರದಿಯಲ್ಲೇ ನನ್ನ ‘ಫೋರ್ಸ್ ಆಫ್ ವಿಲ್’ ಬೇರೆಯವನನ್ನು ತಡೆಯಲು ಖರ್ಚಾಯಿತು. ಎರಡು ಸುತ್ತಿನ ನಂತರ ಹುಡುಗ ಗೆದ್ದ; ನನ್ನ ಕೈಯಲ್ಲಿ ಏನೂ ಉಳಿದಿರಲಿಲ್ಲ.