ಕತ್ತಿ ಅದ್ದಿ ನೋಡದ ಮದ್ದು

ರಾಮಕುಂಜದ ಕಡೆ ಅಡಿಕೆ ಬೆಳೆಯುವವರಿಗೆ ಮುಂಜಾಗ್ರತೆಯ ಮದ್ದು ಹೊಸ ಸಂಗತಿಯಲ್ಲ. ಮಳೆ ಹಿಡಿಯುವ ಮೊದಲೇ ಬೋರ್ಡೋ ದ್ರಾವಣ ಬಿಡಬೇಕು. ಕೊಳೆರೋಗ ಹತ್ತಿದ ಮೇಲೆ ಬಿಟ್ಟರೆ ಪ್ರಯೋಜನ ಕಡಿಮೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಕಲಸಿದ ಮೇಲೆ ಉಜ್ಜಿದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ದ್ರಾವಣಕ್ಕೆ ಅದ್ದಿ ತೆಗೆಯುತ್ತೇನೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು ಎಂದು ಅರ್ಥ. ಹಾಗೆಯೇ ಬಿಟ್ಟರೆ ಎಳೆಕಾಯಿ ಸುಟ್ಟೀತು.

ಮರಕ್ಕೆ ಇಷ್ಟು ನೋಡುವ ನಾನು ಕೊರೊನಾ ಬಂದ 2020ರಲ್ಲಿ ಬಾಯಿಗೆ ಹಾಕಿಕೊಂಡದ್ದನ್ನು ಏನೂ ನೋಡಲಿಲ್ಲ. ಮೊದಲು ಬಂದದ್ದು ಹೋಮಿಯೋಪಥಿಯ ಆರ್ಸೆನಿಕಮ್ ಆಲ್ಬಮ್ 30. ಆಯುಷ್ ಸಚಿವಾಲಯ ಅದನ್ನು ಸೂಚಿಸಿದ್ದು ಜನವರಿ 29ಕ್ಕೆ. ದೇಶದ ಮೊದಲ ಸೋಂಕು ಕೇರಳದಲ್ಲಿ ದೃಢಪಟ್ಟದ್ದೇ ಮರುದಿನ. ರೋಗಿಯೇ ಇಲ್ಲದಾಗ ತಡೆಯುತ್ತದೆಂದು ಯಾರ ಮೇಲೆ ನೋಡಿದರು? ಈ ಪ್ರಶ್ನೆ ಆಗ ನನಗೆ ಹೊಳೆಯಲೇ ಇಲ್ಲ. ನೂರರಲ್ಲಿ ಒಂದು ಪಾಲಿನಂತೆ ಮೂವತ್ತು ಸಲ ತೆಳುಮಾಡಿದ ಮೇಲೆ ಮೂಲವಸ್ತುವಿನ ಒಂದು ಅಣುವೂ ಉಳಿಯಲಾರದು ಎಂದು ಗೊತ್ತಿತ್ತು, ಆದರೂ ಮೂರು ದಿನ ಖಾಲಿ ಹೊಟ್ಟೆಗೆ ನುಂಗಿದೆ. "ತಗೊಂಡ್ರೆ ನಷ್ಟ ಎಂತ ಉಂಟು ಭಾವ?" ಎಂದು ಬಾಟಲಿ ತಂದವರು ಕೇಳಿದ್ದರು. ನಷ್ಟ ಇತ್ತು. ನುಂಗಿದ ಧೈರ್ಯದಲ್ಲಿ ಮಾಸ್ಕ್ ಗಲ್ಲಕ್ಕೆ ಇಳಿಯಿತು.

ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯ ವಿಷಯದಲ್ಲಿ ಮಾತ್ರ ಮನಸ್ಸು ಇನ್ನೂ ಚುಚ್ಚುತ್ತದೆ. ಮಾರ್ಚ್ 23ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸೋಂಕು ತಡೆಗೆಂದು ಅದನ್ನು ಹೇಳಿದ್ದು ರೋಗಿಗಳ ಆರೈಕೆಯಲ್ಲಿದ್ದ ಆರೋಗ್ಯ ಸಿಬ್ಬಂದಿಗೆ ಮತ್ತು ಸೋಂಕಿತರ ಮನೆಯವರಿಗೆ. ನಾನು ಎರಡೂ ಅಲ್ಲ. ಆದರೂ "ಬೇಕಾದೀತು" ಎಂದು ಗುರುತಿನವರ ಮೂಲಕ ಒಂದು ಸ್ಟ್ರಿಪ್ ತರಿಸಿಟ್ಟೆ. ಸಂಧಿವಾತಕ್ಕೆ ವರ್ಷಗಳಿಂದ ಅದೇ ಮಾತ್ರೆ ತಿನ್ನುತ್ತಿದ್ದ ನೆರೆಮನೆಯ ಅಕ್ಕ ಆ ದಿನಗಳಲ್ಲಿ ಉಪ್ಪಿನಂಗಡಿಯಿಂದ ಬರಿಗೈಯಲ್ಲಿ ವಾಪಸು ಬಂದರು. "ಸ್ಟಾಕ್ ಇಲ್ಲವಂತೆ" ಎಂದು ನಮ್ಮ ಜಗಲಿಯಲ್ಲೇ ಕೂತು ಹೇಳಿದರು. ಒಳಗೆ ಕಪಾಟಿನಲ್ಲಿದ್ದದ್ದನ್ನು ತಂದು ಕೊಡಲು ನನ್ನ ಕೈ ಏಳಲಿಲ್ಲ.

ಜೂನ್‌ನಲ್ಲಿ ಅಮೆರಿಕ, ಕೆನಡಾದ ಪರೀಕ್ಷೆಯ ಫಲ ಬಂತು. ಸೋಂಕಿತರ ಸಂಪರ್ಕಕ್ಕೆ ಬಂದ 821 ಜನರಲ್ಲಿ ಕೆಲವರಿಗೆ ಈ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಕಾಯಿಲೆ ಬಂದದ್ದು ಮೊದಲ ಗುಂಪಿನಲ್ಲಿ ಶೇ. 11.8, ಎರಡನೆಯದರಲ್ಲಿ ಶೇ. 14.3, ಲೆಕ್ಕಕ್ಕೆ ಹಿಡಿಯುವಷ್ಟು ವ್ಯತ್ಯಾಸ ಅಲ್ಲ. ನಮಗೆ ಗೊತ್ತಿರುವ ವಿದ್ಯೆಯೇ ಇದು: ಮದ್ದು ಬಿಡದ ಪಕ್ಕದ ತೋಟವನ್ನು ನೋಡಿಯೇ ಅಲ್ಲವೇ ಬೋರ್ಡೋವನ್ನು ನಂಬಿದ್ದು? "ನಾನು ತಿಂದೆ, ನನಗೆ ಬರಲಿಲ್ಲ" ಎಂದು ತೋಟದ ವಿಷಯದಲ್ಲಿ ಯಾರಾದರೂ ಹೇಳಿದ್ದರೆ ನಾನೇ ನಗುತ್ತಿದ್ದೆ.

ಸಾವಿರಾರು ಜನರ ಮೇಲೆ ಹೀಗೆಯೇ ಹೋಲಿಸಿ ನೋಡಿದ ಲಸಿಕೆ 2021ರ ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ ತೆರೆಯಿತು, ಸರಕಾರಿ ಕೇಂದ್ರದಲ್ಲಿ ಪುಕ್ಕಟೆಯಾಗಿ. ಆಗ ಮಾತ್ರ ನನ್ನೊಳಗಿನ ಪರೀಕ್ಷಕ ಎದ್ದು ಕೂತ. ಅಡ್ಡಪರಿಣಾಮ ಏನು, ಇಷ್ಟು ಬೇಗ ಹೇಗೆ ತಯಾರಾಯಿತು, ಮೊದಲು ಬೇರೆಯವರು ಚುಚ್ಚಿಸಿಕೊಳ್ಳಲಿ. ಬಾಟಲಿ ತಂದವರಿಗೆ ಕೇಳದ ಪ್ರಶ್ನೆಗಳನ್ನೆಲ್ಲ ಮನೆಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆಗೆ ಕೇಳಿದೆ. ಪಾಪ, ಆಕೆ ತಾಳ್ಮೆಯಿಂದ ಉತ್ತರಿಸಿದರು. ಇದನ್ನು ವೈಜ್ಞಾನಿಕ ಸಂಶಯ ಎಂದು ಆಗ ಹೆಮ್ಮೆಪಟ್ಟಿದ್ದೆ. ನಿಜಕ್ಕೂ ಅದು ಸೂಜಿಯ ಹೆದರಿಕೆ, ಜತೆಗೆ ನನ್ನ ಕೈಯಾರೆ ಮಾಡಿಕೊಂಡದ್ದನ್ನು ಮಾತ್ರ ನಂಬುವ ಕೃಷಿಕನ ಹಟ. ಎರಡನೇ ಅಲೆಯ ಸಾವಿನ ಸುದ್ದಿ ಹತ್ತಿರ ಹತ್ತಿರ ಬಂದ ಮೇಲೆಯೇ ಸರತಿಯಲ್ಲಿ ನಿಂತೆ. ಅಷ್ಟರಲ್ಲಿ ಡೋಸ್‌ಗಳಿಗೆ ಬರ.

ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಚ್‌ನಲ್ಲೇ ಸೋಂಕು ತಡೆಯಲು ಹೈಡ್ರಾಕ್ಸಿಕ್ಲೋರೋಕ್ವಿನ್ ಬಳಸಬೇಡಿ ಎಂದಿತ್ತು. ನಿಮ್ಮ ಕಪಾಟಿನಲ್ಲೂ ಆಗಿನ ಸ್ಟ್ರಿಪ್ ಉಳಿದಿದ್ದರೆ ಮುಂದಿನ ಜ್ವರಕ್ಕೆಂದು ಇಡಬೇಡಿ, ಅವಧಿ ಮುಗಿದಿರುತ್ತದೆ.