ಪಚ್ಚೆ ತ್ರಿಕೋನದ ಸಣ್ಣ ರೈತರು

ಕದ್ದು ಬೆಳೆಯುತ್ತಿದ್ದಾಗ ಹೇಗೋ ಬದುಕಿದರು. ಕಾನೂನು ಕೈಹಿಡಿದ ಮೇಲೆ ಕಷ್ಟಕ್ಕೆ ಬಿದ್ದರು. ಕ್ಯಾಲಿಫೋರ್ನಿಯಾದ ಗುಡ್ಡಗಾಡಿನ ಗಾಂಜಾ ಬೆಳೆಗಾರರ ಕತೆ ಇದು.

ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆ ದಾಟಿ 101ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಮೊದಲು ಎದುರಾಗುವುದು ಸೊನೋಮಾ ಸೀಮೆಯ ದ್ರಾಕ್ಷಿ ತೋಟಗಳು. ಯುಕಾಯ, ವಿಲಿಟ್ಸ್ ಊರುಗಳು ಹಿಂದೆ ಸರಿದಂತೆ ಬಯಲು ಕಿರಿದಾಗಿ ಗುಡ್ಡಗಳು ಹತ್ತಿರ ಬರುತ್ತವೆ. ಲೆಗೆಟ್ ಎಂಬಲ್ಲಿ ಬುಡ ಕೊರೆದು ಕಾರು ಹಾಯುವಂತೆ ಮಾಡಿರುವ ಮರವೊಂದಿದೆ. ಅಲ್ಲಿಂದ ಮುಂದೆ ರಸ್ತೆ ಈಲ್ ನದಿಯ ಜತೆಗೇ ಬಳುಕುತ್ತ ಸಾಗುತ್ತದೆ. ಸುಮಾರು 320 ಕಿಲೋಮೀಟರ್ ಕ್ರಮಿಸಿದಾಗ ಸಿಗುವುದು ಗಾರ್ಬರ್‌ವಿಲ್. ಸಾವಿರ ಜನರೂ ಇಲ್ಲದ, ಒಂದೇ ಮುಖ್ಯಬೀದಿಯ ಪುಟ್ಟ ಊರು.

ಊರಿನಾಚೆ ರೆಡ್‌ವುಡ್ ಮರಗಳ ಸಾಮ್ರಾಜ್ಯ. ಮುನ್ನೂರು ಅಡಿ ಮೀರಿ ಬೆಳೆಯುವ ಈ ಮರಗಳ ನಡುವೆ ಐವತ್ತು ಕಿಲೋಮೀಟರ್ ಉದ್ದದ ‘ದೈತ್ಯರ ಹಾದಿ’ ಹಾದುಹೋಗುತ್ತದೆ. ಮಧ್ಯಾಹ್ನವೂ ಅಲ್ಲಿ ಮುಸ್ಸಂಜೆಯ ಬೆಳಕು. ನೋಡುವವರಿಗೆ ಇದು ಮನುಷ್ಯರ ಕೈಸೋಕದ ಕಾಡು ಅನ್ನಿಸೀತು. ಆದರೆ ಕೊಡಲಿ ತಾಕದೆ ಉಳಿದ ಹಳೆಯ ರೆಡ್‌ವುಡ್ ಕಾಡು ಮೂಲದ ನೂರರಲ್ಲಿ ಐದು ಪಾಲು ಮಾತ್ರ. ಉಳಿದದ್ದೆಲ್ಲ ಗರಗಸಕ್ಕೆ ಸಿಕ್ಕಿ ಹಲಗೆಯಾಗಿ ಹೋಯಿತು.

ಹೆದ್ದಾರಿಯಿಂದ ಕವಲೊಡೆದು ಗುಡ್ಡ ಏರುವ ಮಣ್ಣಿನ ರಸ್ತೆಗಳು ಪ್ರವಾಸಿಯ ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ. ಅವುಗಳ ಬಾಯಿಗೆ ಬೀಗ ಜಡಿದ ಗೇಟುಗಳು. ಹಂಬೋಲ್ಟ್, ಮೆಂಡೊಸಿನೊ, ಟ್ರಿನಿಟಿ ಎಂಬ ಮೂರು ಜಿಲ್ಲೆಗಳ ಈ ಸೀಮೆಗೆ ‘ಎಮರಾಲ್ಡ್ ಟ್ರಯಾಂಗಲ್’, ಅಂದರೆ ಪಚ್ಚೆ ತ್ರಿಕೋನ ಎಂದು ಹೆಸರು. ನಮ್ಮ ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಮೂರೂ ಸೇರಿದಷ್ಟು ವಿಸ್ತಾರ. ಜನ ಮಾತ್ರ ಎರಡೂವರೆ ಲಕ್ಷದ ಆಸುಪಾಸು. ಹೆಸರು ಬಂದದ್ದು ಕಾಡಿನ ಹಸಿರಿನಿಂದಲ್ಲ, ಆ ಗೇಟುಗಳ ಹಿಂದೆ ಬೆಳೆಯುತ್ತಿದ್ದ ಗಾಂಜಾ ಗಿಡಗಳಿಂದ.

ಹಳ್ಳಿಗೆ ಬಂದ ಪಟ್ಟಣಿಗರು

1960ರ ದಶಕದ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊದ ಹಿಪ್ಪಿ ಯುವಕ ಯುವತಿಯರು ಪಟ್ಟಣದ ಗದ್ದಲಕ್ಕೆ ಬೇಸತ್ತು ಇತ್ತ ಮುಖಮಾಡಿದರು. ಮರ ಕಡಿದು ಬೋಳಾದ ಗುಡ್ಡಗಳು ಆಗ ಅಗ್ಗಕ್ಕೆ ಬಿಕರಿಯಾಗುತ್ತಿದ್ದವು. ಜಮೀನು ಕೊಂಡು, ಕೈಯಾರೆ ಮನೆ ಕಟ್ಟಿ, ತರಕಾರಿ ಬೆಳೆದು, ಮೇಕೆ ಸಾಕಿ ಬದುಕುವುದು ಅವರ ಕನಸು. ಜತೆಗೆ ತಮ್ಮ ಬಳಕೆಗೆಂದು ನಾಲ್ಕು ಗಾಂಜಾ ಗಿಡ. ತರಕಾರಿಯಿಂದ ಹೊಟ್ಟೆ ತುಂಬಲಿಲ್ಲ. ನಾಲ್ಕು ಗಿಡ ನಲವತ್ತಾಯಿತು.

1970ರ ದಶಕದಲ್ಲಿ ಮೆಕ್ಸಿಕೊದ ಗಾಂಜಾ ಹೊಲಗಳ ಮೇಲೆ ಪ್ಯಾರಾಕ್ವಾಟ್ ಎಂಬ ಕಳೆನಾಶಕ ಸಿಂಪಡಿಸಿದ ಸುದ್ದಿ ಹಬ್ಬಿದ ಮೇಲೆ ಅಮೆರಿಕದಲ್ಲಿ ದೇಶೀ ಮಾಲಿಗೆ ಬೇಡಿಕೆ ಏರಿತು. ಗುಡ್ಡದ ಬೆಳೆಗಾರರು ಗಂಡು ಗಿಡಗಳನ್ನು ಕಿತ್ತೆಸೆದು, ಬೀಜ ಕಟ್ಟದ ಹೆಣ್ಣು ಹೂವುಗಳನ್ನು ಬೆಳೆಯುವ ವಿಧಾನದಲ್ಲಿ ಪಳಗಿದರು. ‘ಸಿನ್‌ಸೆಮಿಯಾ’ ಎಂಬ ಈ ಮಾಲಿಗೆ ಮುಂದಿನ ದಶಕಗಳಲ್ಲಿ ಪೌಂಡಿಗೆ, ಅಂದರೆ 450 ಗ್ರಾಂಗೆ, ಸಾವಿರಾರು ಡಾಲರ್ ಬೆಲೆ ಬಂತು. ಒಂದೆಡೆ ಮರದ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ಅಂಗಡಿ, ಗ್ಯಾರೇಜು, ಸಮುದಾಯ ಭವನ, ಸ್ವಯಂಸೇವಕರ ಅಗ್ನಿಶಾಮಕ ದಳ, ಎಲ್ಲದಕ್ಕೂ ಆಸರೆಯಾದದ್ದು ಯಾರೂ ಬಾಯಿಬಿಟ್ಟು ಹೇಳದ ಆ ಬೆಳೆಯ ಹಣವೇ.

ಸರಕಾರ ಸುಮ್ಮನಿರಲಿಲ್ಲ. 1983ರಲ್ಲಿ ‘ಕ್ಯಾಂಪ್’ ಹೆಸರಿನ ಕಾರ್ಯಾಚರಣೆ ಶುರುವಾಯಿತು. ಪ್ರತಿ ಬೇಸಿಗೆಯಲ್ಲೂ ಹೆಲಿಕಾಪ್ಟರುಗಳು ಗುಡ್ಡಗಳ ಮೇಲೆ ಸುತ್ತತೊಡಗಿದವು. 1990ರಲ್ಲಿ ಸೈನಿಕರೂ ಇಳಿದರು. ಪೊಲೀಸರ ವಾಹನಗಳು ಯಾವ ರಸ್ತೆ ಹಿಡಿದಿವೆ ಎಂಬುದನ್ನು ಸ್ಥಳೀಯ ಸಮುದಾಯ ಬಾನುಲಿಯೇ ಬಿತ್ತರಿಸುತ್ತಿತ್ತು! ಇದು ಕೇಳಲು ರೋಚಕ, ಬದುಕಲು ಕಷ್ಟ. ಅಪ್ಪನ ಕಸುಬೇನೆಂದು ಶಾಲೆಯಲ್ಲಿ ಹೇಳಬಾರದೆಂಬ ಪಾಠ ಕಲಿತೇ ಮಕ್ಕಳು ಬೆಳೆದರು. ಕಳ್ಳತನ, ಬಂದೂಕು, ಜೈಲು ಕೂಡ ಈ ದಂಧೆಯ ಭಾಗವೇ ಆಗಿದ್ದವು. ದುಡ್ಡಿನ ಆಸೆಗೆ ಹೊರಗಿನಿಂದ ಬಂದವರು ತೊರೆಗಳ ನೀರನ್ನು ಕದ್ದು ಬತ್ತಿಸಿದರು. ಅವರು ಇಟ್ಟ ಇಲಿ ಪಾಷಾಣ ಕಾಡಿನ ಅಪರೂಪದ ಪ್ರಾಣಿಗಳನ್ನೂ ಕೊಂದಿತು.

ನಿಷೇಧವೇ ಬೇಲಿಯಾಗಿತ್ತು

1996ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಗಾಂಜಾದ ಔಷಧೀಯ ಬಳಕೆಗೆ ಒಪ್ಪಿದರು. 2010ರಲ್ಲಿ ಪೂರ್ಣ ಸಕ್ರಮದ ಪ್ರಶ್ನೆ ಬಂದಾಗ ಒಂದು ಸ್ವಾರಸ್ಯ ನಡೆಯಿತು. ರಾಜ್ಯ ಬೇಡವೆಂದಿತು, ಪಚ್ಚೆ ತ್ರಿಕೋನದ ಮೂರು ಜಿಲ್ಲೆಗಳಲ್ಲೂ ಬೇಡವೆಂಬ ಮತಗಳೇ ಹೆಚ್ಚಿದ್ದವು. ಗಾಂಜಾದಿಂದಲೇ ಬದುಕುವ ಸೀಮೆ ಗಾಂಜಾ ಸಕ್ರಮವಾಗುವುದನ್ನು ಒಪ್ಪಲಿಲ್ಲವೇಕೆ?

ಉತ್ತರ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಕಷ್ಟವಲ್ಲ. ಸಿಕ್ಕಿಬೀಳುವ ಭಯ ಇರುವಷ್ಟು ದಿನ ಬೆಳೆಯುವವರು ಕಡಿಮೆ, ಬೆಲೆ ಹೆಚ್ಚು. ಹೆಲಿಕಾಪ್ಟರಿನ ಕಣ್ಣಿಗೆ ಬೀಳಬಾರದೆಂದರೆ ಯಾರೂ ನೂರು ಎಕರೆಯಲ್ಲಿ ಬೆಳೆಯುವಂತಿಲ್ಲ. ದೊಡ್ಡ ಕಂಪೆನಿಗಳಂತೂ ಹತ್ತಿರ ಸುಳಿಯುವಂತಿಲ್ಲ. ನಿಷೇಧ ಎಂಬುದು ರೈತನನ್ನು ಜೈಲಿಗೆ ಕಳಿಸುವ ಕಾನೂನೂ ಹೌದು, ಅವನ ಸಣ್ಣ ಹಿಡುವಳಿಯನ್ನು ಕಾಯುವ ಬೇಲಿಯೂ ಹೌದು.

2016ರ ನವೆಂಬರಿನಲ್ಲಿ ಆ ಬೇಲಿ ಬಿತ್ತು. ‘ಪ್ರಸ್ತಾವ 64’ಕ್ಕೆ ಶೇಕಡಾ 57ರಷ್ಟು ಮತದಾರರು ಹೌದೆಂದರು. 2018ರ ಜನವರಿ 1ರಿಂದ, 21 ವರ್ಷ ತುಂಬಿದವರಿಗೆ, ಪರವಾನಗಿ ಪಡೆದ ಅಂಗಡಿಗಳಲ್ಲಿ ಮಾರಾಟ ಆರಂಭವಾಯಿತು. ಸಣ್ಣವರ ರಕ್ಷಣೆಗೆಂದು ಕಾನೂನಿನಲ್ಲೇ ಒಂದು ಮಾತಿತ್ತು: ಮೊದಲ ಐದು ವರ್ಷ ಭಾರೀ ತೋಟಗಳಿಗೆ ಪರವಾನಗಿ ಇಲ್ಲ. ಆದರೆ 2017ರ ಕೊನೆಗೆ ಬಂದ ನಿಯಮಗಳು, ಒಬ್ಬರು ಎಷ್ಟು ಸಣ್ಣ ಪರವಾನಗಿಗಳನ್ನು ಪಡೆಯಬಹುದು ಎಂಬುದಕ್ಕೆ ಮಿತಿ ಹಾಕಲಿಲ್ಲ. ಹಣವಂತರು ಹತ್ತಾರು ಸಣ್ಣ ಪರವಾನಗಿಗಳನ್ನು ಒಂದರ ಪಕ್ಕ ಒಂದು ಪೇರಿಸಿ ದೊಡ್ಡ ತೋಟ ಮಾಡಿಕೊಂಡರು. ಚಾಪೆಯ ಕೆಳಗೆ ತೂರುವವನಿಗೆ ರಂಗೋಲಿಯ ಕೆಳಗೆ ತೂರುವುದು ಕಷ್ಟವೇ?

ದಕ್ಷಿಣದ ಸಾಂಟಾ ಬಾರ್ಬರಾ ಜಿಲ್ಲೆಯಲ್ಲಿ ಹಳೆಯ ಹೂವಿನ ಹಸಿರುಮನೆಗಳಿದ್ದವು. ಕೊಲಂಬಿಯದಿಂದ ಅಗ್ಗದ ಹೂ ಬರತೊಡಗಿದ ಮೇಲೆ ಅವು ಸೊರಗಿದ್ದವು. ಈಗ ಗಾಂಜಾಕ್ಕೆ ತಿರುಗಿದವು. ಕ್ಯಾಮರಿಯೋ ಎಂಬಲ್ಲಿ ಟೊಮೆಟೊ, ಸೌತೆಕಾಯಿ ಬೆಳೆಯುತ್ತಿದ್ದ 55 ಲಕ್ಷ ಚದರಡಿಯ ಹಸಿರುಮನೆಗಳನ್ನು 2021ರಲ್ಲಿ ಗಾಂಜಾ ಕಂಪೆನಿಯೊಂದು ಕೊಂಡಿತು. ಅದು ಸುಮಾರು 126 ಎಕರೆ. ಹಂಬೋಲ್ಟಿನ ಸಣ್ಣ ರೈತನ ಪರವಾನಗಿ 10,000 ಚದರಡಿಗೆ, ನಮ್ಮ ಲೆಕ್ಕದಲ್ಲಿ ಒಂಬತ್ತು ಗುಂಟೆಗೆ. ಅಂಥ ಐನೂರೈವತ್ತು ತೋಟಗಳು ಒಂದೇ ಸೂರಿನಡಿ! ಬಯಲಿನವರಿಗೆ ಹೆದ್ದಾರಿ, ವಿದ್ಯುತ್ತು, ಲಾಸ್ ಏಂಜಲಿಸ್‌ನ ಮಾರುಕಟ್ಟೆ ಎಲ್ಲವೂ ಮಗ್ಗುಲಲ್ಲೇ ಇವೆ. ಗುಡ್ಡದ ರೈತನಿಗೆ ಮಣ್ಣು ರಸ್ತೆ, ವರ್ಷಕ್ಕೊಂದೇ ಸುಗ್ಗಿ.

ಅಡಿಕೆ ತೋಟ ಕಣಿವೆಯಿಂದ ಬಯಲುಸೀಮೆಗೆ ಇಳಿದು, ಕೊಳವೆಬಾವಿಯ ನೀರಿನಲ್ಲಿ ಹಬ್ಬಿದ್ದನ್ನು ಕಂಡ ಮಲೆನಾಡಿನವರಿಗೆ ಈ ಆತಂಕ ಹೊಸದೇನಲ್ಲ.

ಕಾಗದದ ಗುಡ್ಡ

ಸಕ್ರಮವಾಗುವುದು ಅಗ್ಗದ ಕೆಲಸವಾಗಿರಲಿಲ್ಲ. ಜಿಲ್ಲಾಡಳಿತ, ನೀರು ಮಂಡಳಿ, ಮೀನು ಮತ್ತು ವನ್ಯಜೀವಿ ಇಲಾಖೆ, ರಾಜ್ಯದ ಪರವಾನಗಿ ಕಚೇರಿ, ಹೀಗೆ ಪ್ರತಿ ಬಾಗಿಲಿಗೂ ಬೇರೆ ಅರ್ಜಿ, ಬೇರೆ ಶುಲ್ಕ. ಹೊಳೆ ದಾಟುವ ಮೋರಿ, ಮಣ್ಣಿನ ರಸ್ತೆ, ಶೆಡ್ಡು ಎಲ್ಲವೂ ನಿಯಮದಂತಿರಬೇಕು. ಅರ್ಧ ಜೀವಮಾನ ಅಧಿಕಾರಿಗಳಿಂದ ಅಡಗಿದವರು ಈಗ ಅದೇ ಅಧಿಕಾರಿಗಳಿಗೆ ತೋಟದ ನಕ್ಷೆ ಕೊಡಬೇಕಾಯಿತು.

ಇದರ ಮೇಲೆ ತೆರಿಗೆ. 2018ರಲ್ಲಿ ರಾಜ್ಯವು ಒಂದು ಔನ್ಸ್ ಹೂವಿಗೆ 9.25 ಡಾಲರ್ ಬೆಳೆ ತೆರಿಗೆ ಹಾಕಿತು. ಪೌಂಡಿಗೆ 148 ಡಾಲರ್ ಆಯಿತು. ಬೆಲೆ ಸಾವಿರ ಡಾಲರ್ ಇದ್ದಾಗ ಇದನ್ನು ತಡೆದುಕೊಳ್ಳಬಹುದಿತ್ತು. 2021ರ ಹೊತ್ತಿಗೆ ಮಾರುಕಟ್ಟೆ ತುಂಬಿ ತುಳುಕಿ ಬೆಲೆ ಕೆಲವು ನೂರು ಡಾಲರಿಗೆ ಕುಸಿಯಿತು. ತೆರಿಗೆ ಇಳಿಯಲಿಲ್ಲ, 2022ರ ಜನವರಿಯಲ್ಲಿ ಔನ್ಸಿಗೆ 10.08 ಡಾಲರಿಗೆ ಏರಿತು! ರೈತರ ಕೂಗು ಜೋರಾದ ಮೇಲೆ ಅದೇ ವರ್ಷದ ಜುಲೈ 1ರಂದು ರಾಜ್ಯ ಆ ತೆರಿಗೆಯನ್ನೇ ತೆಗೆದುಹಾಕಿತು. ಹಂಬೋಲ್ಟ್ ಜಿಲ್ಲಾಡಳಿತವೂ ತನ್ನ ತೆರಿಗೆಯನ್ನು ತಗ್ಗಿಸಿತು. ಅಷ್ಟರಲ್ಲಿ ಹಲವರು ತೋಟ ಮುಚ್ಚಿದ್ದರು. ಜಮೀನು ಮಾರೋಣವೆಂದರೆ ಕೊಳ್ಳುವವರಿಲ್ಲ. ಕದ್ದು ಬೆಳೆದದ್ದನ್ನು ಕದ್ದು ಮಾರುವ ಹಳೆಯ ಪೇಟೆಯೂ ಸತ್ತಿಲ್ಲ. ತೆರಿಗೆಯಿಲ್ಲದ ಆ ಮಾಲಿನೊಂದಿಗೂ ಪರವಾನಗಿದಾರ ಸೆಣಸಬೇಕು. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ರಾಜ್ಯದ ಗಡಿ ದಾಟಿಸಿ ಮಾರುವಂತೆಯೂ ಇಲ್ಲ.

ಬದುಕುವ ದಾರಿಗಳು

ಹಾಗಾದರೆ ಉಳಿದವರು ಹೇಗೆ ಉಳಿದರು? ಬೆಲೆಯಲ್ಲಿ ದೊಡ್ಡವರನ್ನು ಸೋಲಿಸಲಾಗದು ಎಂಬುದನ್ನು ಅವರು ಬೇಗ ಅರಿತರು. ಸೊನೋಮಾದ ದ್ರಾಕ್ಷಿ ಬೆಳೆಗಾರರು ಹಿಡಿದ ದಾರಿ ಕಣ್ಣೆದುರಿಗೇ ಇತ್ತು. ಇಂಥ ಕಣಿವೆಯ, ಇಂಥ ಮಣ್ಣಿನ ಬೆಳೆ ಎಂದು ಹೆಸರಿಟ್ಟು ಮಾರುವುದು. 2020ರಲ್ಲಿ ರಾಜ್ಯ ಇದಕ್ಕೊಂದು ಕಾನೂನು ಮಾಡಿತು. ಊರಿನ ಹೆಸರಿನ ಮುದ್ರೆ ಬೇಕಾದರೆ ಗಿಡ ನೆಲದಲ್ಲೇ ಬೇರೂರಿರಬೇಕು. ಹಸಿರುಮನೆಯ ಸೂರಾಗಲಿ, ಕೃತಕ ಬೆಳಕಾಗಲಿ ಇರಬಾರದು. ನಂಜನಗೂಡು ರಸಬಾಳೆಗೆ, ಬ್ಯಾಡಗಿ ಮೆಣಸಿನಕಾಯಿಗೆ ಸಿಕ್ಕ ಭೌಗೋಳಿಕ ಗುರುತಿನ ಹಿಂದಿರುವುದೂ ಇದೇ ತತ್ವ. ಹೆಸರಿಗೆ ಗ್ರಾಹಕ ಹೆಚ್ಚು ಹಣ ತೆರುತ್ತಾನೆಯೇ ಎಂಬುದು ಮಾತ್ರ ಎರಡೂ ಕಡೆ ಕಾಡುವ ಪ್ರಶ್ನೆ.

ನೀರಿನ ವಿಷಯದಲ್ಲಿ ಆದ ಬದಲಾವಣೆ ಮೆಚ್ಚಬೇಕಾದ್ದು. ಏಪ್ರಿಲ್ 1ರಿಂದ ಅಕ್ಟೋಬರ್ 31ರವರೆಗೆ ತೊರೆಯಿಂದ ನೀರೆತ್ತುವಂತಿಲ್ಲ. ಅದು ಸಾಲ್ಮನ್ ಮೀನಿನ ಮರಿಗಳಿಗೆ ಮೀಸಲು. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಅದನ್ನೇ ಹೊಂಡ, ಟ್ಯಾಂಕುಗಳಲ್ಲಿ ಹಿಡಿದಿಟ್ಟು ಬೇಸಿಗೆ ದಾಟುತ್ತಾರೆ. ನಮ್ಮ ಕೃಷಿಹೊಂಡದ ಅಣ್ಣತಮ್ಮ ಎನ್ನಬಹುದು. ಕೆಲವರು ಗಾಂಜಾದ ಜತೆ ತರಕಾರಿ, ಹಣ್ಣು, ಕೋಳಿ ಸೇರಿಸಿ, ಐವತ್ತು ವರ್ಷಗಳ ಹಿಂದೆ ಹಿರಿಯರು ಕಂಡ ಮಿಶ್ರಬೇಸಾಯದ ಕನಸಿಗೆ ಮರಳಿದ್ದಾರೆ. ಕೆಲವರು ಹೊಸ ತಳಿ, ಬೀಜಗಳ ಕಡೆ ವಾಲಿದ್ದಾರೆ. ಇನ್ನು ಕೆಲವರು ಗೇಟಿನ ಬೀಗ ತೆಗೆದು, ಪ್ರವಾಸಿಗರನ್ನು ಕರೆದು, ತೋಟ ತೋರಿಸಿ ಕತೆ ಹೇಳುತ್ತಾರೆ. ಅಡಗಿಸುತ್ತಿದ್ದುದನ್ನೇ ಈಗ ಹೇಳಿ ಸಂಪಾದಿಸಬೇಕು!

ಉತ್ತರಕ್ಕೆ ಇನ್ನೂ ಸಾಗಿದರೆ ಆರ್ಕಾಟಾ ಪಟ್ಟಣದಲ್ಲಿ ಹಂಬೋಲ್ಟ್ ವಿಶ್ವವಿದ್ಯಾಲಯ. ಅಲ್ಲಿ 2023ರಿಂದ ಗಾಂಜಾ ಅಧ್ಯಯನವೇ ಒಂದು ಪದವಿ ವಿಷಯ. ಸೇದುವ ಪಾಠವಲ್ಲ, ಪರಿಸರ, ಕಾನೂನು, ಸಮಾಜ ನ್ಯಾಯದ ಪಾಠ. ಹೆತ್ತವರು ಇದನ್ನು ಓದಿ ಹೌಹಾರಬೇಕಿಲ್ಲ, ಮಕ್ಕಳು ತಪ್ಪು ತಿಳಿಯಲೂಬಾರದು. ಸಕ್ರಮವಾದ ಮಾತ್ರಕ್ಕೆ ಗಾಂಜಾ ನಿರಪಾಯಕಾರಿಯಾಗಲಿಲ್ಲ. ಹರೆಯದ ಮೆದುಳು ಇನ್ನೂ ಬೆಳೆಯುತ್ತಿರುವಾಗ ಅದು ನೆನಪು ಮತ್ತು ಕಲಿಕೆಗೆ ಕುತ್ತು ತರುತ್ತದೆಂದು ವೈದ್ಯರು ಎಚ್ಚರಿಸುತ್ತಾರೆ. 21ರ ಮಿತಿ ಇರುವುದು ಅದಕ್ಕೇ. ಭಾರತದಲ್ಲಿ 1985ರ ಮಾದಕ ವಸ್ತು ಕಾಯಿದೆಯಡಿ ಅನುಮತಿಯಿಲ್ಲದೆ ಗಾಂಜಾ ಬೆಳೆಯುವುದು ಗಂಭೀರ ಅಪರಾಧ.

ಆದರೆ ಗಾಂಜಾವನ್ನು ಬದಿಗಿಟ್ಟು ನೋಡಿದರೆ ಪಚ್ಚೆ ತ್ರಿಕೋನದಲ್ಲಿ ಕಾಣುವುದು ಹಳೆಯ ರೈತನ ಹಳೆಯ ಕತೆಯೇ. ಈ ಗುಡ್ಡಗಳು ಮೊದಲು ರೆಡ್‌ವುಡ್ ಮಾರಿ ಬದುಕಿದವು. ಮರ ಮುಗಿದಾಗ ಊರುಗಳು ಬಡವಾದವು. ಬಳಿಕ ಗಾಂಜಾವನ್ನು ನೆಚ್ಚಿದವು; ಬೆಲೆ ಬಿದ್ದಾಗ ಮತ್ತೆ ಬಡವಾದವು. ಒಂದೇ ಬೆಳೆಯ ಮೇಲೆ ಊರನ್ನೆಲ್ಲ ನಿಲ್ಲಿಸಿದರೆ ಏನಾಗುತ್ತದೆಂಬುದನ್ನು ಇಲ್ಲಿನ ಜನ ಐವತ್ತು ವರ್ಷಗಳಲ್ಲಿ ಎರಡು ಸಲ ಕಂಡಿದ್ದಾರೆ. ಒಂಬತ್ತು ಗುಂಟೆಯಲ್ಲಿ ಗಾಂಜಾದ ಪಕ್ಕ ಬೀನ್ಸು, ಸೇಬು ಬೆಳೆಯಲು ಹೊರಟಿರುವವರು ಆ ಪಾಠವನ್ನು ಕಲಿತವರೇ. ಅವರ ತೋಟಗಳು ಇನ್ನೂ ಹತ್ತು ಸುಗ್ಗಿ ಕಾಣುತ್ತವೆಯೋ ಇಲ್ಲವೋ ಎಂಬುದು ಅವರ ದುಡಿಮೆಯಷ್ಟೇ ಕೊಳ್ಳುವವರ ಆಯ್ಕೆಯನ್ನೂ ಅವಲಂಬಿಸಿದೆ.