ಬರಬೇಕಾದ ಬಾಕಿ

ನಮ್ಮ ಚಿಕ್ಕಪಡಸಲಗಿಯಲ್ಲಿ ಕಾಲಕ್ಕೆ ಎರಡೇ ಪಾಲು: ಬ್ಯಾರೇಜಿನ ಹಿಂದಿನದು, ಬ್ಯಾರೇಜಿನ ಮುಂದಿನದು. ಮದುವೆ, ಮನೆ ಪಾಲಾದದ್ದು, ಎಮ್ಮೆ ಕೊಂಡದ್ದು, ಹಿರಿಯರು ಹೋದದ್ದು ಎಲ್ಲಕ್ಕೂ ಇದೇ ಗುರುತು. 1989ರಲ್ಲಿ ಸುತ್ತಲ ರೈತರು ತಾವೇ ಪಟ್ಟಿ ಕೂಡಿಸಿ, ತಾವೇ ಮೈಮುರಿದು ದುಡಿದು, ಸಿದ್ದು ನ್ಯಾಮಗೌಡರನ್ನು ಮುಂದಿಟ್ಟುಕೊಂಡು ಕೃಷ್ಣೆಗೆ ಅಡ್ಡಲಾಗಿ ಶ್ರಮಬಿಂದು ಸಾಗರವನ್ನು ಕಟ್ಟಿದರು. ಮುಂದೆ ಎರಡೇ ವರ್ಷಕ್ಕೆ ಅದೇ ನ್ಯಾಮಗೌಡರನ್ನು ಬಾಗಲಕೋಟೆಯಲ್ಲಿ ರಾಮಕೃಷ್ಣ ಹೆಗಡೆಯವರ ಎದುರು ನಿಲ್ಲಿಸಿ ಗೆಲ್ಲಿಸಿದ ಜಂಬ ನಮ್ಮ ಸೀಮೆಯವರಿಗೆ ಇನ್ನೂ ಇಳಿದಿಲ್ಲ. ನೀರು ನಿಂತಿತು, ಕಬ್ಬು ಬಂತು, ಕಬ್ಬಿನ ಜೊತೆಗೆ ಮೋಟರ್‌ಸೈಕಲ್ಲು ಬಂತು. ಆಮೇಲೆ ಶುರುವಾಯಿತು ಅಪ್ಪ ಮಕ್ಕಳ ವಾದ. ಮಗ ಎಕರೆಗೆ ಇಷ್ಟು ಟನ್ ಕಬ್ಬು ತೆಗೆದೆ ಎಂದು ಎದೆ ಉಬ್ಬಿಸಿದರೆ ಅಪ್ಪ ಕಂಬಳಿಯೊಳಗಿಂದಲೇ, ‘ಬ್ಯಾರೇಜ್ ಬಾಗಲಾ ತಗದು ನೀರ ಬಿಟ್ಟ ಮ್ಯಾಲೆ ಮಳಿ ನೆಚ್ಚಿ ಒಂದ ಚೀಲ ಜ್ವಾಳಾ ಬೆಳದ ತೋರಸು, ಆಮ್ಯಾಲೆ ಮಾತಾಡೂಣು’ ಎನ್ನುತ್ತಿದ್ದ. ಟೆನಿಸ್ ಲೋಕಕ್ಕೂ ಇಂಥದೊಂದು ಬ್ಯಾರೇಜ್ ಇದೆ, ಅದನ್ನು 1968ರಲ್ಲಿ ಕಟ್ಟಿದರು ಎಂದು ನನಗೆ ಹೇಳಿಕೊಟ್ಟವನು ನಮ್ಮ ಕಾಕಾ.

ಕಾಕಾನ ಕೈ ಯಾವತ್ತೂ ಟೆನಿಸ್ ಬ್ಯಾಟನ್ನು ಹಿಡಿದದ್ದಿಲ್ಲ. ಕೋರ್ಟನ್ನು ಕಣ್ಣಾರೆ ಕಂಡದ್ದು ಧಾರವಾಡದಲ್ಲಿ, ಅದೂ ಬೇಲಿಯ ಹೊರಗೆ ನಿಂತು. ಕಾಲೇಜು ಸೇರಲೆಂದು ಸರ್ಟಿಫಿಕೇಟುಗಳನ್ನು ಚೀಲದಲ್ಲಿಟ್ಟುಕೊಂಡು ಹೋಗಿದ್ದ. ಆ ವರ್ಷವೇ ಅಜ್ಜ ಹಾಸಿಗೆ ಹಿಡಿದ. ಮನೆಯ ಹಿರಿಮಗ ಊರಿಗೆ ಮರಳಿ ಹೊಲ ನೋಡಿಕೊಂಡ, ಸಹಕಾರಿ ಸಂಘದ ಲೆಕ್ಕ ಬರೆಯತೊಡಗಿದ, ಅಲ್ಲಿಯೇ ಸೆಕ್ರೆಟರಿಯಾದ. ಬಿಳಿ ಬಟ್ಟೆ ತೊಟ್ಟ ಇಬ್ಬರು ಒಂದು ಜಾಳಿಗೆಯ ಆಚೆಗೊಬ್ಬ ಈಚೆಗೊಬ್ಬ ನಿಂತು, ಒಬ್ಬರನ್ನೊಬ್ಬರು ಮುಟ್ಟದೆಯೇ ಜಗಳಾಡುವ ಆ ರೀತಿ ಮಾತ್ರ ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಸಂಘಕ್ಕೆ ಬರುವ ಪೇಪರಿನ ಆಟದ ಪುಟದ ತಳದಲ್ಲಿ ನಾಲ್ಕು ಸಾಲು ಟೆನಿಸ್ ಸುದ್ದಿ ಇದ್ದರೆ ಕತ್ತರಿಸಿ ಇಡುತ್ತಿದ್ದ.

ಕತ್ತರಿಸಿದ್ದು ಗುಡ್ಡೆ ಬಿದ್ದಾಗ ಅದನ್ನು ಲೆಕ್ಕಕ್ಕೆ ತರದೆ ಸೆಕ್ರೆಟರಿಯ ಜೀವಕ್ಕೆ ಸಮಾಧಾನವೆಲ್ಲಿ? ಅರ್ಧ ಖಾಲಿ ಉಳಿದಿದ್ದ ಹಳೆಯ ಖಾತೆ ವಹಿಯೊಂದನ್ನು ಮನೆಗೆ ತಂದ. ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಹಾಳೆ. ಎಡಕ್ಕೆ ಜಮಾ, ಗೆದ್ದ ದೊಡ್ಡ ಪಂದ್ಯಗಳು. ಬಲಕ್ಕೆ ಖರ್ಚು, ಫೈನಲ್‌ನಲ್ಲಿ ಸೋತವು. ಅಲ್ಲಿಗೆ ಬಿಟ್ಟಿದ್ದರೆ ಅದು ಎಲ್ಲರೂ ಮಾಡುವ ಲೆಕ್ಕವಾಗುತ್ತಿತ್ತು. ಕಾಕಾ ಕೆಂಪು ಶಾಯಿಯಲ್ಲಿ ಇನ್ನೊಂದು ಗೆರೆ ಎಳೆದು ಮೂರನೆಯ ಕಾಲಮ್ಮು ಮಾಡಿದ್ದ: ಬರಬೇಕಾದ ಬಾಕಿ.

ರಾಡ್ ಲೇವರ್‌ನ ಹಾಳೆ ನೋಡಿ. ಜಮಾ 11. 1962ರಲ್ಲಿ ನಾಲ್ಕಕ್ಕೆ ನಾಲ್ಕೂ ಗೆದ್ದವನು ಮರುವರ್ಷ ದುಡ್ಡಿಗೆ ಆಡುವವರ ಗುಂಪು ಸೇರಿದ. ದುಡ್ಡಿಗೆ ಆಡುವವನಿಗೆ ದೊಡ್ಡ ಪಂದ್ಯಗಳ ಬಾಗಿಲು ಬಂದ್. 1968ರಲ್ಲಿ ಎಲ್ಲರಿಗೂ ಬಾಗಿಲು ತೆರೆಯಿತು. 1969ರಲ್ಲಿ ಅದೇ ಲೇವರ್ ಮತ್ತೆ ನಾಲ್ಕಕ್ಕೆ ನಾಲ್ಕೂ ಗೆದ್ದ. ನಡುವಿನ ಐದು ವರ್ಷ, ವರ್ಷಕ್ಕೆ ನಾಲ್ಕರಂತೆ ಕೆಂಪು ಕಾಲಮ್ಮಿನಲ್ಲಿ 20.

‘ಇಪ್ಪತ್ತೂ ಗೆಲ್ಲತಿದ್ನೇನ ಕಾಕಾ?’ ಎಂದು ಕೇಳಿದೆ.

‘ಗೆಲ್ಲತಿದ್ದ ಅಂತ ನಾ ಎಲ್ಲಿ ಬರದೀನಿ? ಬಾಕಿ ಐತಿ ಅಂತ ಬರದೀನಿ. ವಸೂಲಿ ಮಾತು ಬ್ಯಾರೆ, ತಮ್ಮಾ.’

ಬ್ಯೋನ್ ಬೋರ್ಗ್‌ಗೂ ಜಮಾ 11ರದೇ: ಫ್ರೆಂಚ್ ಆರು, ವಿಂಬಲ್ಡನ್ ಐದು. ಆಸ್ಟ್ರೇಲಿಯಾಕ್ಕೆ ಅವನು ಆಡಲು ಹೋದದ್ದು ಒಂದೇ ಸಲ. 26ನೆಯ ವಯಸ್ಸಿಗೇ ಆಟ ಬಿಟ್ಟ. ಅವನ ಕೆಂಪು ಕಾಲಮ್ಮಿನಲ್ಲಿ ಸೊನ್ನೆ. ತಾನಾಗಿ ಖಾತೆ ಮುಚ್ಚಿದವನಿಗೆ ಯಾವ ಬಾಕಿಯೂ ಇಲ್ಲ ಎನ್ನುವುದು ಕಾಕಾನ ಕಾನೂನು. ಮಾರ್ಗರೆಟ್ ಕೋರ್ಟ್ ಮತ್ತು ಸೆರೆನಾ ಹಾಳೆಗಳ ನಡುವೆ ಒಂದು ಟಾಚಣಿ ಚುಚ್ಚಿತ್ತು. ಕೋರ್ಟ್‌ಳ 24ರಲ್ಲಿ 11 ಆಕೆಯ ಊರಾದ ಆಸ್ಟ್ರೇಲಿಯಾದವು, ಬೇರೆ ದೇಶದ ಎಷ್ಟೋ ಜನ ಅಷ್ಟು ದೂರ ಹೋಗದಿದ್ದ ಕಾಲದವು. ಸೆರೆನಾಳ 23 ಎಲ್ಲರೂ ಎಲ್ಲ ಕಡೆಗೂ ಹೋಗುವ ಕಾಲದವು. ಟಾಚಣಿ ತುಕ್ಕು ಹಿಡಿದರೂ ಆ ತೀರ್ಪು ಆಗಲಿಲ್ಲ.

ಮೋನಿಕಾ ಸೆಲೆಸ್‌ಳ ಹಾಳೆ ಬಂದಾಗ ಕಾಕಾನ ಕೈ ತಡೆಯುತ್ತಿತ್ತು. ಇಪ್ಪತ್ತು ತುಂಬುವ ಮೊದಲೇ ಎಂಟು ಗೆದ್ದ ಹುಡುಗಿ. 1993ರ ಏಪ್ರಿಲ್ 30ರಂದು ಹ್ಯಾಂಬರ್ಗಿನಲ್ಲಿ, ಆಟದ ನಡುವೆ ಕುರ್ಚಿಯಲ್ಲಿ ಕೂತಿದ್ದಾಗ ಸ್ಟೆಫಿ ಗ್ರಾಫ್‌ಳ ಅಭಿಮಾನಿಯೊಬ್ಬ ಆಕೆಯ ಬೆನ್ನಿಗೆ ಚೂರಿ ಹಾಕಿದ. ಆಮೇಲೆ ಬಂದದ್ದು ಒಂದೇ, 1996ರ ಆಸ್ಟ್ರೇಲಿಯಾ. ಎಲ್ಲರ ಬಾಕಿಗೂ ಅಂಕಿ ಬರೆದ ಕಾಕಾ ಇಲ್ಲಿ ಕೆಂಪು ಕಾಲಮ್ಮನ್ನು ಖಾಲಿ ಬಿಟ್ಟಿದ್ದ. ಪಕ್ಕದ ಹಾಳೆ ಗ್ರಾಫ್‌ಳದು, ಜಮಾ 22, ಜೊತೆಗೆ 1988ರಲ್ಲಿ ನಾಲ್ಕೂ ಗೆದ್ದು ಒಲಿಂಪಿಕ್ ಚಿನ್ನವನ್ನೂ ತಂದ ದಾಖಲೆ. ಆ 22ರ ಮಗ್ಗುಲಿಗೆ ಪೆನ್ಸಿಲ್ಲಿನಲ್ಲಿ ಸಣ್ಣದೊಂದು ಪ್ರಶ್ನಾರ್ಥಕ ಚಿಹ್ನೆ. ‘ಆಕೀದೇನ ತಪ್ಪಿಲ್ಲ, ಪಾಪ. ಆದ್ರೂ ಲೆಕ್ಕ ಅಂದ್ರ ಲೆಕ್ಕ’ ಎಂದು ಕಾಕಾ ಯಾರೂ ಕೇಳದಿದ್ದರೂ ಹೇಳುತ್ತಿದ್ದ.

ಆದರೆ ವಹಿಯಲ್ಲಿ ಕಾಕಾನ ಬೆರಳು ಸವೆಸಿದ್ದು ಇವರಾರ ಹಾಳೆಯನ್ನೂ ಅಲ್ಲ. ಅದು ಕೆನ್ ರೋಸ್‌ವಾಲ್‌ನದು. ಆಳು ಗಿಡ್ಡ, ಕಾಕಾನ ಹಾಗೆಯೇ. ಮೈಯಲ್ಲಿ ಮಾಂಸಖಂಡವೇ ಕಾಣದ ಅವನನ್ನು ಜೊತೆಯವರು ಚೇಷ್ಟೆಗೆ ‘ಮಸಲ್ಸ್’ ಎಂದು ಕರೆಯುತ್ತಿದ್ದರಂತೆ. ಜಮಾ ಎಂಟು. 1957ರಿಂದ 67ರವರೆಗೆ ಹನ್ನೊಂದು ವರ್ಷ ದುಡ್ಡಿಗೆ ಆಡುವವರ ಜೊತೆ ಊರೂರು ತಿರುಗಿದ. ಬಾಗಿಲು ತೆರೆದ 1968ರ ಮೊದಲ ಫ್ರೆಂಚ್ ಪಂದ್ಯದಲ್ಲೇ ಲೇವರ್‌ನನ್ನು ಸೋಲಿಸಿ ಗೆದ್ದ. 37ನೆಯ ವಯಸ್ಸಿನಲ್ಲಿ ಆಸ್ಟ್ರೇಲಿಯಾ ಗೆದ್ದ. ಕೈಗೆ ಸಿಗದೇ ಹೋದದ್ದು ವಿಂಬಲ್ಡನ್ ಒಂದು. ಖರ್ಚಿನ ಕಡೆ ಅದರ ನಾಲ್ಕು ಫೈನಲ್: 1954, 1956, 1970, 1974. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಇಪ್ಪತ್ತು ವರ್ಷ. 39ರ ಮನುಷ್ಯ 21ರ ಜಿಮ್ಮಿ ಕಾನರ್ಸ್ ಎದುರು ನಿಂತು 6-1, 6-1, 6-4ರಿಂದ ಸೋತ. ಆ ಸುದ್ದಿಯ ತುಂಡು ಹಳದಿಯಾಗಿ ಹಾಳೆಗೆ ಅಂಟಿಯೇ ಇತ್ತು. ಕೆಂಪು ಕಾಲಮ್ಮಿನಲ್ಲಿ 44 ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿತ್ತು. ಲೆಕ್ಕ ಪೂರ್ತಿಯಾದಾಗ ಮಾತ್ರ ಎರಡು ಗೆರೆ ಎಳೆಯುವುದು ಪದ್ಧತಿ. ಈ ಲೆಕ್ಕ ಹೇಗೆ ಪೂರ್ತಿಯಾಯಿತೆಂದು ನಾನು ಕೇಳಲಿಲ್ಲ.

ಸಂಜೆ ಗುಡಿಕಟ್ಟೆಗೆ ಬರುವ ನಮ್ಮ ಸೋದರಮಾವನಿಗೆ ಈ ವಹಿ ಎಂದರೆ ನಗೆಪಾಟಲು. ಮಾವ ಗರಡಿಯ ಆಳು. ಮಜ್ಜಿಗೆ, ಎಣ್ಣೆ, ಅರಿಶಿಣ ಹಾಕಿ ಹದ ಮಾಡಿದ ಕೆಮ್ಮಣ್ಣಿನಲ್ಲಿ ಬೆಳೆದವನು. ಯಾವುದೋ ಜಾತ್ರೆಯ ನಿಕಾಲಿ ಕುಸ್ತಿಯಲ್ಲಿ ಗೆದ್ದ ಬೆಳ್ಳಿ ಕಡೆಯನ್ನು ಮಗಳ ಮದುವೆಗೆ ಕರಗಿಸುವ ತನಕ ಕೈಯಿಂದ ಇಳಿಸಿರಲಿಲ್ಲ. ‘ಏನ್ರಿ ಬೀಗರ, ಬೆನ್ನು ಮಣ್ಣಿಗೆ ಹತ್ತಿತು, ಸೋತ. ಹತ್ತಲಿಲ್ಲ, ಗೆದ್ದ. ನಿಮ್ಮದೇನ್ರಿ ಇದು, ಮೂರ್ಮೂರ ಕಾಲಮ್ಮ?’ ಎಂದು ಶುರು ಮಾಡುತ್ತಿದ್ದ. ಆದರೆ ಮ್ಯಾಟಿನ ಮೇಲೆ ಪಾಯಿಂಟ್ ಎಣಿಸುವ ಈಗಿನ ಹುಡುಗರ ಮಾತು ಬಂದರೆ ಮಾವನ ನ್ಯಾಯ ತಕ್ಷಣ ಬದಲಾಗುತ್ತಿತ್ತು. ಆಗ ಅವನು ಗಾಮಾ ಪೈಲ್ವಾನನನ್ನು ಕರೆತರುತ್ತಿದ್ದ. 1910ರಲ್ಲಿ ಲಂಡನ್ನಿನಲ್ಲಿ ಜಿಬಿಸ್ಕೊ ಎಂಬ ದೈತ್ಯ ಎರಡು ತಾಸಿಗೂ ಹೆಚ್ಚು ಹೊತ್ತು ಹೊಟ್ಟೆಯ ಮೇಲೆ ಮಲಗಿ ಬೆನ್ನು ಉಳಿಸಿಕೊಂಡ. ಕುಸ್ತಿ ಸಮ ಆಯಿತು. 1928ರಲ್ಲಿ ಪಟಿಯಾಲಾದಲ್ಲಿ ಅದೇ ಇಬ್ಬರೂ ಮತ್ತೆ ಎದುರಾದಾಗ ಗಾಮಾ ಒಂದು ನಿಮಿಷ ತುಂಬುವುದರೊಳಗೆ ಅವನನ್ನು ಚಿತ್ ಮಾಡಿದ. ‘ಹದಿನೆಂಟ ವರ್ಷ ಕಾದ ವಸೂಲಿ ಮಾಡಿದ್ನಲ್ರಿ!’ ಎಂದು ಕಾಕಾ ಅದಕ್ಕೆ ಮಾತ್ರ ಬಾಯಿ ತೆರೆದು ಮೆಚ್ಚುತ್ತಿದ್ದ. ಅಂದು ಇಬ್ಬರೂ ಒಂದೇ ತಟ್ಟೆಯ ಮಿರ್ಚಿಗೆ ಕೈ ಹಾಕುತ್ತಿದ್ದರು.

ಮೊಬೈಲ್ ಬಂದ ಮೇಲೆ ಕಟ್ಟೆಗೆ ಮೂರನೆಯ ಪಕ್ಷವೊಂದು ಹುಟ್ಟಿತು, ಕಾಕಾನ ಮೊಮ್ಮಗ. ಅವನಿಗೆ ಜೋಕೊವಿಚ್ ಎಂದರೆ ಪ್ರಾಣ. ‘ಅಜ್ಜಾ, ಜೋಕೊವಿಚ್ ಇಪ್ಪತ್ನಾಕು, ನಡಾಲ್ ಇಪ್ಪತ್ತೆರಡು, ಫೆಡರರ್ ಇಪ್ಪತ್ತು. ನಿನ್ನ ರೋಸ್‌ವಾಲ್ ಎಂಟು. ಎಂಟು ದೊಡ್ಡದೋ ಇಪ್ಪತ್ನಾಕು ದೊಡ್ಡದೋ?’

‘ಲೇ, ನಿನ್ನ ಜೋಕೊವಿಚ್‌ನ ಕೈಯಾಗ ಕಟಗಿ ಬ್ಯಾಟ್ ಕೊಡು. ನಾಕರಾಗ ಮೂರು ಹುಲ್ಲಿನ ಮ್ಯಾಲ ಆಡ್ತಿದ್ರು ಆವಾಗ, 1974ರ ತನಕ. ಹುಲ್ಲಿನ ಮ್ಯಾಲ ಚಂಡ ಎಲ್ಲಿ ಪುಟೀತೈತಿ ಅಂತ ದೇವರಿಗೂ ಗೊತ್ತಿರೂದಿಲ್ಲ.’

‘ನಿನ್ನ ರೋಸ್‌ವಾಲ್‌ನ ಮೆಲ್ಬರ್ನ್‌ಗೆ ಕರಕೊಂಡ ಬಾ. 2012ರ ಫೈನಲ್ ಐದ ತಾಸ ಐವತ್ಮೂರ ನಿಮಿಷ ನಡೀತು. ಮುಗದ ಮ್ಯಾಲ ಇಬ್ರಿಗೂ ನಿಲ್ಲಾಕ ಆಗಲಿಲ್ಲ, ಕುರ್ಚಿ ತಂದ ಕೊಟ್ರು.’

ಕಾಕಾ ಸೋಲಲಿಲ್ಲ. 1969ರ ವಿಂಬಲ್ಡನ್ ಮೊದಲ ಸುತ್ತಿನಲ್ಲಿ 41 ವಯಸ್ಸಿನ ಪಾಂಚೊ ಗೊನ್ಸಾಲೆಸ್ ಮೊದಲೆರಡು ಸೆಟ್ ಕಳೆದುಕೊಂಡು, ಎರಡು ದಿನ ಸೇರಿ 112 ಗೇಮ್ ಆಡಿ ಗೆದ್ದ ಕತೆ ತೆಗೆದ. ಆಗ ಟೈಬ್ರೇಕ್ ಎಂಬ ಉಪಕಾರ ವಿಂಬಲ್ಡನ್ನಿಗೆ ಇನ್ನೂ ಬಂದಿರಲಿಲ್ಲ, ಒಂದು ಸೆಟ್ 22-24ರ ತನಕ ಹೋಗಿತ್ತು. ಹುಡುಗ ಮೊಬೈಲಿನಲ್ಲಿ ಹುಡುಕಿ ನೋಡಿದ. ನಿಜವಿತ್ತು. ಸ್ವಲ್ಪ ಹೊತ್ತು ಅಜ್ಜನನ್ನು ಬೇರೆ ಕಣ್ಣಿನಿಂದ ನೋಡಿದ.

ಇದನ್ನೆಲ್ಲ ಕೇಳುತ್ತಾ ಕೂತ ಮಾವ ಒಂದು ದಿನ ಇದ್ದಕ್ಕಿದ್ದಂತೆ, ‘ಬೀಗರ, ಇಷ್ಟ ಮಂದಿದು ಬಾಕಿ ಬರದೀರಿ. ನಿಮ್ಮ ಹಾಳಿ ಯಾವುದ್ರಿ ಇದರಾಗ?’ ಎಂದ. ಧಾರವಾಡದ ಸಂಗತಿ ಮಾವನಿಗೆ ಗೊತ್ತಿತ್ತು. ಕಾಕಾ ವಹಿ ಮುಚ್ಚಿ, ‘ಸೆಕ್ರೆಟರಿದು ಆಡಿಟ್ ಬ್ಯಾರೆದವ್ರು ಮಾಡ್ತಾರ್ರಿ’ ಎಂದು ನಕ್ಕುಬಿಟ್ಟ. ಮಾವನೂ ನಕ್ಕ. ಆಮೇಲೆ ಇಬ್ಬರೂ ಕಬ್ಬಿನ ಬಿಲ್ಲಿನ ಮಾತಿಗೆ ಇಳಿದರು, ಅದು ಎಂದೂ ಮುಗಿಯದ ಬಾಕಿ. ಮಾವ ಈಗ ಇಲ್ಲ.

ಜೋಡಿ ಆಟಕ್ಕೆ ವಹಿಯಲ್ಲಿ ಬಹಳ ದಿನ ಜಾಗವಿರಲಿಲ್ಲ. ಪೇಸ್ ಮತ್ತು ಭೂಪತಿ 1999ರಲ್ಲಿ ನಾಲ್ಕೂ ಫೈನಲ್ ತಲುಪಿ ಎರಡು ಗೆದ್ದಾಗ ಕಾಕಾ ಹೊಸ ಹಾಳೆಗೆ ಗೆರೆ ಹಾಕಿದ್ದ. ಬರಬರುತ್ತ ಎತ್ತು ಏರಿಗೆ, ಕೋಣ ನೀರಿಗೆ ಎನ್ನುವಂತಾಯಿತು. ಸಿಟ್ಟಿಗೆ ಹಾಳೆಯನ್ನೇ ಹರಿದ. ಆಮೇಲೆ ಪೇಸ್‌ನದು 18, ಭೂಪತಿಯದು 12 ಆದರೂ ಕಾಕಾನ ಸಿಟ್ಟು ಇಳಿಯಲಿಲ್ಲ. ಇಬ್ಬರದೂ ಕೂಡಿದ್ದರೆ ಎಷ್ಟಾಗುತ್ತಿತ್ತು ಎಂಬ ಬಾಕಿಯನ್ನು ಬರೆಯಲು ಅವನ ಕೈ ಏಳಲಿಲ್ಲ.

ಮತ್ತೆ ಹಾಳೆ ತೆರೆದದ್ದು 2024ರ ಜನವರಿಯಲ್ಲಿ, ನಮ್ಮ ಕೊಡಗಿನ ರೋಹನ್ ಬೋಪಣ್ಣನಿಗಾಗಿ. ಖರ್ಚಿನ ಕಡೆ 2010ರ ಅಮೆರಿಕದ ಫೈನಲ್, ಪಾಕಿಸ್ತಾನದ ಕುರೇಶಿಯ ಜೊತೆ. ಮತ್ತೆ 2023ರಲ್ಲಿ ಅಲ್ಲೇ, ಎಬ್ಡನ್ ಜೊತೆ. ಜಮಾ ಕಡೆ 2017ರ ಫ್ರೆಂಚ್ ಮಿಶ್ರ ಜೋಡಿ ಒಂದೇ. ಅಂಥವನು 43ನೆಯ ವಯಸ್ಸಿನಲ್ಲಿ ಎಬ್ಡನ್ ಜೊತೆ ಆಸ್ಟ್ರೇಲಿಯಾ ಗೆದ್ದ, ಅದೇ ಹೊತ್ತಿಗೆ ಜೋಡಿ ಆಟದಲ್ಲಿ ಜಗತ್ತಿಗೇ ಒಂದನೆಯವನಾದ. ಆ ವಯಸ್ಸಿಗೆ ಮೊದಲ ಬಾರಿ ಒಂದನೆಯವರಾದವರು ಹಿಂದೆ ಯಾರೂ ಇರಲಿಲ್ಲ. ಅವನ ಮೊಣಕಾಲ ಕೀಲಿನ ಮೆತ್ತೆ ಸವೆದೇ ಹೋಗಿತ್ತು, ಅಯ್ಯಂಗಾರ್ ಯೋಗ ಅವನನ್ನು ನಿಲ್ಲಿಸಿತು ಎಂದು ಮೊಮ್ಮಗ ಓದಿ ಹೇಳಿದ. ಅಯ್ಯಂಗಾರ್ ಎಂದರೆ ನಮ್ಮ ಕೋಲಾರ ಸೀಮೆಯ ಬೆಳ್ಳೂರಿನವರು ಎಂಬುದೂ ಸೇರಿದಾಗ ಕಾಕಾನಿಗೆ ತಡೆಯಲಾಗಲಿಲ್ಲ. ಮರುದಿನ ಪಡಸಾಲೆಯ ಕಂಬಕ್ಕೆ ಹಳೆಯ ಧೋತರ ಕಟ್ಟಿ, ಒಂದು ಕಾಲು ಅದರಲ್ಲಿ ಸಿಗಿಸಿ ನಿಂತಿದ್ದ. ಕಾಲು ಬಿಡಿಸಲು ಕಾಕೂ ಒಲೆಯ ಮೇಲಿನ ರೊಟ್ಟಿ ಬಿಟ್ಟು ಬರಬೇಕಾಯಿತು. 2025ರ ನವೆಂಬರಿನಲ್ಲಿ ಬೋಪಣ್ಣ ಆಟಕ್ಕೆ ವಿದಾಯ ಹೇಳಿದಾಗ ಆ ಹಾಳೆಯ ಕೆಂಪು ಕಾಲಮ್ಮಿಗೆ ಕಾಕಾ ಏನೂ ಬರೆಸಲಿಲ್ಲ. ‘ತಡಾ ಆಗಿ ಬಂತು, ಆದ್ರ ಬಂತಲ್ಲೊ’ ಎಂದ.

ಬರೆಸಲಿಲ್ಲ ಎಂದೆ, ಯಾಕೆಂದರೆ ಕಾಕಾನ ಕಣ್ಣಿಗೆ ಈಗ ಗೆರೆಗಳು ಕಾಣುವುದಿಲ್ಲ. ಹೇಳುವವನು ಅವನು, ಬರೆಯುವವನು ಮೊಮ್ಮಗ. 2025ರ ಜೂನ್ 8ರ ರಾತ್ರಿ ಫ್ರೆಂಚ್ ಫೈನಲ್‌ನಲ್ಲಿ ಸಿನ್ನರ್ ಗೆಲುವಿಗೆ ಒಂದೇ ಪಾಯಿಂಟ್ ಬೇಕು ಎನ್ನುವಲ್ಲಿಗೆ ಬಂದು, ಅಂಥ ಮೂರು ಅವಕಾಶ ಬಿಟ್ಟು, ಐದು ತಾಸು 29 ನಿಮಿಷದ ಮೇಲೆ ಅಲ್ಕರಾಸ್‌ಗೆ ಸೋತ. ನಮ್ಮೂರಲ್ಲಿ ನಡುರಾತ್ರಿಯ ಹೊತ್ತು. ಹುಡುಗ ಒಂದೊಂದು ಪಾಯಿಂಟನ್ನೂ ಅಜ್ಜನ ಕಿವಿಗೆ ಹೇಳುತ್ತಿದ್ದ.

‘ಅಜ್ಜಾ, ಈ ಮೂರ ಪಾಯಿಂಟ್ ಎಲ್ಲಿ ಬರೀಲಿ?’

‘ಬಾಕಿ ಕಡೆ ಬರಿ. ದೊಡ್ಡ ಬಾಕಿ ಅದು. ರೋಸ್‌ವಾಲ್‌ನ ಹಾಳಿ ಹಂಗ ಜ್ವಾಕಿ ಮಾಡು.’

ಐದು ವಾರ ಕಳೆಯಿತು. ಜುಲೈ 13ಕ್ಕೆ ವಿಂಬಲ್ಡನ್ ಫೈನಲ್‌ನಲ್ಲಿ ಅದೇ ಸಿನ್ನರ್ ಅದೇ ಅಲ್ಕರಾಸ್‌ನನ್ನು ಸೋಲಿಸಿದ. ಹುಡುಗ ಕುಣಿದಾಡಿ, ಕೆಂಪು ಕಾಲಮ್ಮಿನ ಮೇಲೆ ‘ವಸೂಲಾಯಿತು’ ಎಂದು ದಪ್ಪಗೆ ಬರೆದು ಅಜ್ಜನಿಗೆ ಓದಿ ಹೇಳಿದ. ಆ ವಹಿಯಲ್ಲಿ ಆ ಮಾತು ಬಿದ್ದದ್ದು ಅದೇ ಮೊದಲು. ಕಾಕಾ ಖುಷಿಪಡುತ್ತಾನೆಂದು ನಾವೆಲ್ಲ ಅವನ ಮುಖ ನೋಡಿದೆವು. ಅವನು ಚಹಾದ ಬಟ್ಟಲು ಕೆಳಗಿಟ್ಟು, ಯಾಕೋ ಮುಖ ಸಿಂಡರಿಸಿದ.

‘ಐದ ವಾರದಾಗ ವಸೂಲಾದ್ರ ಅದೆಂಥಾ ಬಾಕಿಲೇ? ಹೊಡದ ಹಾಕು ಅದನ್ನ.’